ಕೆಟ್ಟ ಅಂತರ್ಜಲವನ್ನು ಬ್ಯಾಕ್ಟೀರಿಯಾ ಕೈಯಲ್ಲಿ ತೊಳೆಸುವುದು ಹೇಗೆ?

ಲೋಹದ ಬಿಡಿಭಾಗಗಳಿಗೆ ಅಂಟಿದ ಗ್ರೀಸ್ ತೆಗೆಯಲು ಬಳಸುವ ದ್ರಾವಕದ ಹೆಸರು ಟ್ರೈಕ್ಲೋರೋಎಥಿಲೀನ್. ಚಿಕ್ಕದಾಗಿ ಟಿಸಿಇ. ಡ್ರೈಕ್ಲೀನಿಂಗ್‌ಗೆ ಬಳಸುವ ಪಿಸಿಇ ಇದರ ಅಣ್ಣ. ಎರಡೂ ನೀರಿಗಿಂತ ಭಾರ. ಒಂದು ಲೀಟರ್ ಟಿಸಿಇ ಸುಮಾರು 1.46 ಕಿಲೋ ತೂಗುತ್ತದೆ. ಹಾಗಾಗಿ ನೆಲಕ್ಕೆ ಚೆಲ್ಲಿದರೆ ಇದು ಪೆಟ್ರೋಲ್ ತರಹ ನೀರಿನ ಮೇಲೆ ತೇಲುವುದಿಲ್ಲ. ಅಂತರ್ಜಲದೊಳಗೆ ಮುಳುಗಿ, ಜೇಡಿಮಣ್ಣಿನ ಪದರದ ಮೇಲೆ ಹೋಗಿ ಕೂರುತ್ತದೆ. ಅಲ್ಲಿಂದ ಚೂರುಚೂರೇ ಕರಗುತ್ತಾ ಹತ್ತಾರು ವರ್ಷ ನೀರನ್ನು ಕೆಡಿಸುತ್ತದೆ. ಪಂಪ್ ಹಾಕಿ ಮೇಲೆತ್ತಿ ಶುದ್ಧ ಮಾಡಬಹುದು, ನಿಜ. ಆದರೆ ಎತ್ತಿದಷ್ಟೂ ಕೆಳಗೆ ಹೊಸದು ಕರಗುತ್ತಲೇ ಇರುತ್ತದೆ.

ಅದಕ್ಕೇ ಈ ಕೆಲಸವನ್ನು ನೆಲದಡಿಯಲ್ಲೇ, ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಗೆ ಒಪ್ಪಿಸುವ ದಾರಿ ಕಂಡುಕೊಂಡರು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಆದರೆ ನಾವು ಕುಡಿಯುವ ನೀರಿನ ಹತ್ತಿರ ಯಾರಾದರೂ ಇದನ್ನು ಮಾಡುತ್ತಿದ್ದರೆ, ಅವರನ್ನು ಏನು ಕೇಳಬೇಕು ಅಂತ ನಮಗೆ ಗೊತ್ತಿರಬೇಕು. ಯಾಕೆಂದರೆ ಈ ಕೆಲಸ ಅರ್ಧಕ್ಕೆ ನಿಂತರೆ ನೀರು ಮೊದಲಿಗಿಂತ ಜಾಸ್ತಿ ಅಪಾಯಕಾರಿ ಆಗಬಹುದು.

ಮೊದಲು ಉಸಿರಾಟದ ಲೆಕ್ಕ

ನಾವು ಉಂಡ ಊಟದಿಂದ ಹೊರಬಂದ ಎಲೆಕ್ಟ್ರಾನ್‌ಗಳನ್ನು ಕೊನೆಗೆ ಆಮ್ಲಜನಕ ತೆಗೆದುಕೊಳ್ಳುತ್ತದೆ. ಆ ಹಾದಿಯಲ್ಲೇ ನಮಗೆ ಶಕ್ತಿ ಸಿಗುವುದು. ನೆಲದಡಿಯಲ್ಲಿ ಆಮ್ಲಜನಕ ಖಾಲಿಯಾದಾಗ ಬೇರೆ ಬೇರೆ ಸೂಕ್ಷ್ಮಜೀವಿಗಳು ಸರದಿಯ ಮೇಲೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಬಳಸಿ ಉಸಿರಾಡುತ್ತವೆ. ಕೊನೆಯಲ್ಲಿ ಮೀಥೇನ್ ಹುಟ್ಟಿಸುವವು ಬರುತ್ತವೆ. ಇವುಗಳ ನಡುವೆ ಕೆಲವಕ್ಕೆ ಟಿಸಿಇಯೇ ಉಸಿರು. ಅವು ಅದರಿಂದ ಒಂದು ಕ್ಲೋರಿನ್ ಕಿತ್ತು, ಆ ಜಾಗದಲ್ಲಿ ಹೈಡ್ರೋಜನ್ ಕೂರಿಸುತ್ತವೆ.

ಪಿಸಿಇಯಲ್ಲಿ 4 ಕ್ಲೋರಿನ್ ಇವೆ. ಒಂದು ಕಿತ್ತರೆ ಟಿಸಿಇ. ಇನ್ನೊಂದು ಕಿತ್ತರೆ ಡಿಸಿಇ. ಮತ್ತೊಂದು ಹೋದರೆ ವಿನೈಲ್ ಕ್ಲೋರೈಡ್. ಕೊನೆಯದೂ ಹೋದರೆ ಎಥಿಲೀನ್, ಅಂದರೆ ಹಣ್ಣುಗಳು ಮಾಗುವಾಗ ತಾವೇ ಬಿಡುವ ಅನಿಲ. ಈ ಮೆಟ್ಟಿಲುಗಳಲ್ಲಿ ವಿನೈಲ್ ಕ್ಲೋರೈಡ್ ತುಂಬಾ ಕೆಟ್ಟದ್ದು. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅನ್ನುವುದು ಸಾಬೀತಾಗಿದೆ. ಅಮೆರಿಕದ ನಿಯಮದಲ್ಲಿ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಟಿಸಿಇಗೆ 5 ಮೈಕ್ರೋಗ್ರಾಂ ಮಿತಿ. ವಿನೈಲ್ ಕ್ಲೋರೈಡ್‌ಗೆ 2 ಮಾತ್ರ.

ಡಿಸಿಇವರೆಗೆ ಇಳಿಸುವ ಬ್ಯಾಕ್ಟೀರಿಯಾಗಳು ಹಲವಾರಿವೆ. ಆದರೆ ಎಥಿಲೀನ್‌ವರೆಗೆ ಕರೆದೊಯ್ಯುವುದರಲ್ಲಿ ಹೆಸರಾದದ್ದು ಡೀಹ್ಯಾಲೋಕೊಕ್ಕಾಯ್ಡಿಸ್. ಇದನ್ನು ಬೇರ್ಪಡಿಸಿ ಬೆಳೆಸಿದ ಸುದ್ದಿಯನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 1997ರಲ್ಲಿ ಪ್ರಕಟಿಸಿತು. ಅದು ಸಿಕ್ಕಿದ್ದು ಇಥಾಕಾ ಊರಿನ ಕೊಳಚೆ ನೀರಿನ ಘಟಕದ ಕೆಸರಿನಿಂದ! ಈ ಜೀವಿಗೆ ಹೈಡ್ರೋಜನ್ ಬಿಟ್ಟು ಬೇರೆ ಊಟ ಸೇರುವುದಿಲ್ಲ. ಕ್ಲೋರಿನ್ ಥರದವು ಅಂಟಿಕೊಂಡ ಇಂಥ ರಾಸಾಯನಿಕ ಬಿಟ್ಟು ಬೇರೆ ಉಸಿರಿಲ್ಲ. ಗಾಳಿ ತಾಗಿದರೆ ಉಳಿಯುವುದಿಲ್ಲ. ಇಷ್ಟು ಹಟದ ಜೀವಿಯನ್ನು ಒಲಿಸಿಕೊಳ್ಳುವುದೇ ಮುಂದಿನ ಕೆಲಸವೆಲ್ಲ.

ಹೆಜ್ಜೆ 1: ನೀರನ್ನು ಸರಿಯಾಗಿ ಹಿಡಿಯಿರಿ

ಸ್ಯಾಂಪಲ್ ತಪ್ಪಾದರೆ ಮುಂದಿನದೆಲ್ಲ ತಪ್ಪು. 40 ಮಿಲಿಲೀಟರಿನ ಪುಟ್ಟ ಗಾಜಿನ ಶೀಶೆ ಬೇಕು. ನೀರು ಶೀಶೆಯ ಬಾಯಿಗಿಂತ ಮೇಲೆ ಉಬ್ಬಿ ನಿಲ್ಲುವವರೆಗೆ ನಿಧಾನವಾಗಿ ತುಂಬಿಸಬೇಕು. ಮುಚ್ಚಳ ಬಿಗಿದು, ತಲೆಕೆಳಗು ಮಾಡಿ, ಬೆರಳಿನಿಂದ ತಟ್ಟಬೇಕು. ಗುಳ್ಳೆ ಎದ್ದರೆ ಆ ಶೀಶೆ ಬಿಟ್ಟು ಹೊಸದರಲ್ಲಿ ಮತ್ತೆ ಹಿಡಿಯಬೇಕು. ಟಿಸಿಇ ಬೇಗ ಆವಿಯಾಗಿ ಆ ಗುಳ್ಳೆಯೊಳಗೆ ಸೇರಿಕೊಳ್ಳುತ್ತದೆ, ಅದಕ್ಕೇ ಇಷ್ಟು ಕಟ್ಟುನಿಟ್ಟು.

ಜೊತೆಗೆ ಆಮ್ಲಜನಕ, ನೈಟ್ರೇಟ್, ಸಲ್ಫೇಟ್, ಕರಗಿದ ಕಬ್ಬಿಣ, ಮೀಥೇನ್, ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನುವ ಅಳತೆ; ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಎಲ್ಲ ಅಳೆಯಬೇಕು. ಉಸಿರಾಟದ ಸರದಿ ಎಲ್ಲಿಗೆ ಬಂದಿದೆ ಅಂತ ಆಗ ತಿಳಿಯುತ್ತದೆ.

ಹೆಜ್ಜೆ 2: ಬೇಕಾದ ಜೀವಿ ಅಲ್ಲಿದೆಯಾ?

ನೀರಿನಲ್ಲಿರುವ ಡಿಎನ್‌ಎ ಪರೀಕ್ಷೆ ಮಾಡಿಸಬೇಕು. ಸುಮ್ನೆ ಡೀಹ್ಯಾಲೋಕೊಕ್ಕಾಯ್ಡಿಸ್ ಇದೆ ಅಂದರೆ ಸಾಲದು. ಅದರ ಎಲ್ಲ ತಳಿಗಳಿಗೂ ಕೊನೆಯ ಮೆಟ್ಟಿಲು ಇಳಿಸುವ ಶಕ್ತಿ ಇಲ್ಲ. ಆ ಶಕ್ತಿ ಕೊಡುವ ವಿಸಿಆರ್‌ಎ ಅಥವಾ ಬಿವಿಸಿಎ ಅನ್ನುವ ಜೀನ್ ಇದೆಯಾ ಅಂತ ನೋಡಬೇಕು.

ಅಲ್ಲಿನ ಮಣ್ಣು, ನೀರನ್ನೇ ಬಾಟಲಿಗೆ ಹಾಕಿ ಲ್ಯಾಬಿನಲ್ಲಿ ಪ್ರಯೋಗ ಮಾಡಿ ನೋಡುವುದೂ ಉಂಟು. ಕೆಲವರು ಅದಕ್ಕೆ ರೆಸಾಜುರಿನ್ ಬಣ್ಣ ಬೆರೆಸುತ್ತಾರೆ. ಆಮ್ಲಜನಕ ಇರುವವರೆಗೆ ನೀರು ಗುಲಾಬಿ. ಅದು ಮುಗಿದಂತೆ ಬಣ್ಣ ಮಾಸಿ ನೀರು ತಿಳಿಯಾಗುತ್ತದೆ. ಒಳಗೆ ಉಸಿರಾಟ ಬದಲಾಗುವುದನ್ನು ಕಣ್ಣಾರೆ ನೋಡುವ ಆ ಗಳಿಗೆ ನಿಜಕ್ಕೂ ಚೆಂದ.

ಹೆಜ್ಜೆ 3: ಊಟ ಹಾಕಿ

ಹೈಡ್ರೋಜನ್ನನ್ನು ನೇರವಾಗಿ ತುಂಬುವ ಬದಲು, ಅದನ್ನು ತಯಾರಿಸುವ ಬ್ಯಾಕ್ಟೀರಿಯಾಗಳಿಗೆ ಊಟ ಹಾಕುತ್ತಾರೆ. ಕಾಕಂಬಿ, ಲ್ಯಾಕ್ಟೇಟ್ (ಮೊಸರಿನ ಹುಳಿಯ ಲವಣ), ಇಲ್ಲವೇ ನೀರಿನಲ್ಲಿ ಹಾಲಿನ ಹಾಗೆ ಕದಡಿದ ಸಸ್ಯದ ಎಣ್ಣೆಯನ್ನು ಬಾವಿಗಳ ಮೂಲಕ ಕೆಳಗೆ ಇಳಿಸುತ್ತಾರೆ. ಅಲ್ಲಿನ ಬ್ಯಾಕ್ಟೀರಿಯಾಗಳು ಮೊದಲು ಉಳಿದ ಆಮ್ಲಜನಕ ಮುಗಿಸಿ, ಆಮೇಲೆ ಈ ಊಟವನ್ನು ಹುದುಗಿಸಿ ಹೈಡ್ರೋಜನ್ ಬಿಡುತ್ತವೆ. ಕಾಕಂಬಿ ಬೇಗ ಮುಗಿಯುತ್ತದೆ, ಮತ್ತೆ ಮತ್ತೆ ಹಾಕಬೇಕು. ಎಣ್ಣೆ ಮಣ್ಣಿಗೆ ಅಂಟಿಕೊಂಡು ನಿಧಾನವಾಗಿ ಹೈಡ್ರೋಜನ್ ಕೊಡುತ್ತದೆ. ನನಗೆ ಎಣ್ಣೆಯೇ ಸರಿ ಅನ್ನಿಸುತ್ತದೆ. ಹೈಡ್ರೋಜನ್ ಒಮ್ಮೆಗೇ ಜಾಸ್ತಿಯಾದರೆ ಮೀಥೇನ್ ಮಾಡುವವು ಅದನ್ನು ಬಾಚಿಕೊಳ್ಳುತ್ತವೆ. ಕಡಿಮೆ ಇದ್ದಾಗ ಕ್ಲೋರಿನ್ ಕೀಳುವವುಗಳ ಕೈ ಮೇಲಾಗುತ್ತದೆ.

ಕಿತ್ತ ಒಂದೊಂದು ಕ್ಲೋರಿನ್ನಿಗೂ ಆಮ್ಲ ಹುಟ್ಟುತ್ತದೆ, ಹುದುಗುವಾಗಲೂ ಹುಟ್ಟುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ನಮ್ಮ ಜೀವಿ ಕೆಲಸ ನಿಲ್ಲಿಸುತ್ತದೆ. ಆಗ ಅಡುಗೆ ಸೋಡಾ ಬೆರೆಸಬೇಕಾಗುತ್ತದೆ.

ಹೆಜ್ಜೆ 4: ಇಲ್ಲದಿದ್ದರೆ ಜೀವಿಯನ್ನೇ ಬಿಡಿ

ಬೆಳೆಸಿದ ಬ್ಯಾಕ್ಟೀರಿಯಾ ಗಾಳಿ ಹೋಗದಂತೆ ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ ಬರುತ್ತದೆ. ನೆಲದಡಿಯ ಆಮ್ಲಜನಕ ಪೂರ್ತಿ ಮುಗಿದ ಮೇಲಷ್ಟೇ ಬಿಡಬೇಕು. ಅವಸರ ಮಾಡಿದರೆ ದುಡ್ಡೂ ದಂಡ, ಜೀವಿಯೂ ಸಾಯುತ್ತದೆ.

ಹೆಜ್ಜೆ 5: ಟಿಸಿಇ ಮಾಯವಾಯಿತು ಅಂತ ನಂಬಬೇಡಿ

ಎಡವುವುದು ಇಲ್ಲೇ. ಕೆಲವು ತಿಂಗಳಲ್ಲಿ ನೀರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರಬಹುದು. ಅದು ಸಲ್ಫೇಟ್ ಉಸಿರಾಟದ ಗುರುತು, ಒಳ್ಳೆಯದೇ. ವರದಿಯಲ್ಲಿ ಟಿಸಿಇ ಇಳಿದಿರುತ್ತದೆ. ಎಲ್ಲರಿಗೂ ಖುಷಿ. ಆದರೆ ಅದು ಡಿಸಿಇ, ವಿನೈಲ್ ಕ್ಲೋರೈಡ್ ಆಗಿ ಅಲ್ಲೇ ಕೂತಿರಬಹುದು ಅಲ್ವಾ?

ಬರೀ ಮೈಕ್ರೋಗ್ರಾಂ ನೋಡಿದರೆ ಮೋಸ ಹೋಗುತ್ತೇವೆ. 131 ಗ್ರಾಂ ಟಿಸಿಇ ಪೂರ್ತಿಯಾಗಿ ವಿನೈಲ್ ಕ್ಲೋರೈಡ್ ಆದರೆ ತೂಕ 62.5 ಗ್ರಾಂ. ಅರ್ಧಕ್ಕಿಂತ ಜಾಸ್ತಿ ಕಡಿಮೆಯಾದಂತೆ ಕಾಣುತ್ತದೆ, ಆದರೆ ಒಂದು ಅಣುವೂ ಕಡಿಮೆಯಾಗಿಲ್ಲ! ಅದಕ್ಕೆ ಎಲ್ಲವನ್ನೂ ಮೋಲ್ ಲೆಕ್ಕಕ್ಕೆ, ಅಂದರೆ ತೂಕದ ಬದಲು ಅಣುಗಳ ಎಣಿಕೆಯ ಲೆಕ್ಕಕ್ಕೆ ತಂದು ಒಂದೇ ಗ್ರಾಫ್‌ನಲ್ಲಿ ಹಾಕಿಸಬೇಕು. ಟಿಸಿಇ ಇಳಿದಂತೆ ಡಿಸಿಇ ಏರಿ, ಅದು ಇಳಿದು ವಿನೈಲ್ ಕ್ಲೋರೈಡ್ ಏರಿ, ಅದೂ ಇಳಿದು ಎಥಿಲೀನ್ ಕಾಣಬೇಕು. ಎಥಿಲೀನ್ ಅಳೆದೇ ಇಲ್ಲದ ವರದಿಯನ್ನು ಯಾರು ಕೊಟ್ಟರೂ ಒಪ್ಪಬೇಡಿ.

ಮಧ್ಯದಲ್ಲಿ ನಿಂತಿದ್ದರೆ ಕಾರಣ ಸಾಮಾನ್ಯವಾಗಿ ಊಟ ಮುಗಿದಿರುವುದು, ಆಮ್ಲ ಹೆಚ್ಚಿರುವುದು, ಇಲ್ಲವೇ ಸರಿಯಾದ ಜೀವಿ ಇಲ್ಲದಿರುವುದು. ಮೂರನ್ನೂ ಹಿಂದಿನ ಹೆಜ್ಜೆಗಳಿಗೆ ಹೋಗಿ ಸರಿಪಡಿಸಬಹುದು.

ಗಾಳಿಯಿಲ್ಲದ ನೀರಿನಲ್ಲಿ ಮಣ್ಣಿನ ಕಬ್ಬಿಣ, ಮ್ಯಾಂಗನೀಸ್, ಕೆಲವು ಕಡೆ ಆರ್ಸೆನಿಕ್ ಕೂಡ ಕರಗಿ ಬರುತ್ತವೆ. ಆದ್ದರಿಂದ ನೀರು ಹರಿದು ಹೋಗುವ ದಿಕ್ಕಿನ ಬಾವಿಗಳಲ್ಲಿ ಅವನ್ನೂ ಅಳೆಯುತ್ತಿರಬೇಕು. ಊಟ ಹಾಕುವುದು ನಿಲ್ಲಿಸಿದ ಮೇಲೂ ಸ್ಯಾಂಪಲ್ ತೆಗೆಯುವುದನ್ನು ನಿಲ್ಲಿಸಬಾರದು. ಜೇಡಿಮಣ್ಣಿನೊಳಗೆ ಇಂಗಿಹೋದ ಟಿಸಿಇ ವರ್ಷಗಳ ನಂತರವೂ ನಿಧಾನವಾಗಿ ಹೊರಗೆ ಬರುತ್ತಿರುತ್ತದೆ.