ಒಂದು ವರ್ಷದ ಮೆಚ್ಚಿನ ಸಿನಿಮಾ ಪಟ್ಟಿ ಮಾಡುವುದು ಹೇಗೆ: ನನ್ನ 2016

ಹಾಸನದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಮೆಷಿನ್, ಒಂದು ಕಂಪ್ಯೂಟರ್, ಲ್ಯಾಮಿನೇಷನ್ ಮಾಡಲು ಒಂದು ಡಬ್ಬ. ಡಿಸೆಂಬರ್ ಬಂತು ಅಂದರೆ ಕಾಲೇಜಿನ ಹುಡುಗರು ಶುರು ಮಾಡುತ್ತಾರೆ: "ಅಕ್ಕಾ, ಈ ವರ್ಷದ ನಿಮ್ಮ ಟಾಪ್ ಟೆನ್ ಹೇಳಿ." ನಾನು ಹೇಳುವುದಿಲ್ಲ. ಪಟ್ಟಿ ಮಾಡುವುದು ಹೇಗೆ ಅಂತ ಬೇಕಾದರೆ ಹೇಳುತ್ತೇನೆ, ನಿಮ್ಮದನ್ನು ನೀವೇ ಮಾಡಿಕೊಳ್ಳಿ ಅನ್ನುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೇ ಮಾತು: ಈ ವರ್ಷದ ಪಟ್ಟಿ ಈ ವರ್ಷವೇ ಮಾಡಬೇಡಿ. ಮಾವಿನಕಾಯಿ ಉಪ್ಪಿನಕಾಯಿ ಹಾಕಿದ ದಿನವೇ ರುಚಿ ನೋಡಿದರೆ ಉಪ್ಪು ಬೇರೆ, ಖಾರ ಬೇರೆ ಇರುತ್ತದೆ. ಕನಿಷ್ಠ ಐದು ವರ್ಷ ಹಳೆಯದು ತೆಗೆದುಕೊಳ್ಳಿ. ನಾನು 2016 ಆರಿಸಿದೆ. ಆ ವರ್ಷ ಕನ್ನಡದಲ್ಲಿ ಒಳ್ಳೆಯ ಸಿನಿಮಾಗಳು ಸಾಲುಗಟ್ಟಿ ಬಂದಿದ್ದವು. ಇನ್ನೊಂದು ಕಾರಣ, ಅಂಗಡಿ ಹೊಸದು, ಗಿರಾಕಿ ಕಡಿಮೆ, ಮಧ್ಯಾಹ್ನ ಶಟರ್ ಅರ್ಧ ಇಳಿಸಿ ಮ್ಯಾಟಿನಿಗೆ ಹೋಗಬಹುದಿತ್ತು.

ಎರಡನೆಯದು, ಪೆನ್ನು ಹಿಡಿಯುವ ಮೊದಲೇ ಒಂದು ನಿಯಮ ಮಾಡಿಕೊಳ್ಳಿ. 2016ರ ಸಿನಿಮಾ ಅಂದರೆ ಯಾವುದು? ಸುಲಭ ಅಂದುಕೊಂಡಿದ್ದೆ, ಅಲ್ಲ. 'ತಿಥಿ'ಯನ್ನೇ ನೋಡಿ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಬಹುಮಾನ ಬಂದದ್ದು 2015ರಲ್ಲಿ. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದೂ 2015ರ ಲೆಕ್ಕದಲ್ಲೇ, ಯಾಕೆಂದರೆ ಅಲ್ಲಿ ನೋಡುವುದು ಸೆನ್ಸಾರ್ ಆದ ದಿನಾಂಕವನ್ನು. ನಮ್ಮ ಥಿಯೇಟರಿಗೆ ಬಂದದ್ದು 2016ರ ಮೇ ತಿಂಗಳಲ್ಲಿ. ಇನ್ನೊಂದು ತುದಿಯಲ್ಲಿ 'ಕಿರಿಕ್ ಪಾರ್ಟಿ'. ಬಿಡುಗಡೆ ಆಗಿದ್ದು ಡಿಸೆಂಬರ್ 30ಕ್ಕೆ. ಎರಡೇ ದಿನ ಉಳಿದಿತ್ತು. ನಾನು ನೋಡಿದ್ದು ಜನವರಿಯಲ್ಲಿ, ಊರೆಲ್ಲ ನೋಡಿದ್ದೂ ಹೆಚ್ಚುಕಡಿಮೆ ಜನವರಿಯಲ್ಲೇ.

ನನ್ನ ನಿಯಮ ಇಷ್ಟೇ: ಕರ್ನಾಟಕದಲ್ಲಿ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳಲು ಸಾಧ್ಯವಾದ ಮೊದಲ ದಿನ ಯಾವ ವರ್ಷದಲ್ಲಿದೆಯೋ ಆ ವರ್ಷ. ಎರಡೂ 2016ಕ್ಕೇ ಬಂದವು. ನೀವು ಬೇರೆ ನಿಯಮ ಮಾಡಿಕೊಳ್ಳಿ, ತೊಂದರೆ ಇಲ್ಲ. ಆದರೆ ಇಷ್ಟದ ಸಿನಿಮಾ ಒಳಗೆ ಬರಲಿ ಅಂತ ನಡುವೆ ನಿಯಮ ಬದಲಾಯಿಸಬೇಡಿ.

ಈಗ ಒಂದು ಹಾಳೆ ತಗೊಳ್ಳಿ. ನಾನು ಹಾಳಾದ ಪ್ರಿಂಟಿನ ಹಿಂಬದಿ ಬಳಸುತ್ತೇನೆ. ಮೊಬೈಲ್ ದೂರ ಇಡಿ, ವಿಕಿಪೀಡಿಯ ಮುಟ್ಟಬೇಡಿ. ಕಾಲು ಗಂಟೆ ನೆನಪಿನಿಂದಲೇ ಬರೆಯಿರಿ. ನನಗೆ ಮೊದಲ ಸಲ ಒಂಬತ್ತು ಹೆಸರು ಬಂದವು. ಅದರಲ್ಲಿ ಎರಡು 2015ರವು!

ಆಮೇಲೆ ಸಾಕ್ಷಿ ಹುಡುಕಿ. ಟಿಕೆಟ್ ಬುಕ್ ಮಾಡಿದ ಹಳೇ ಮೆಸೇಜು, ಗ್ಯಾಲರಿಯ ಫೋಟೋ, ಬೈಕ್ ಪಾರ್ಕಿಂಗ್ ಚೀಟಿ, ಏನಾದರೂ ಸಿಗುತ್ತದೆ. ನಾನು ಟಿಕೆಟ್ ತುಂಡುಗಳನ್ನು ಬಿಲ್ ಪುಸ್ತಕದ ಮಧ್ಯೆ ಇಡುತ್ತಿದ್ದೆ. ಶಾಯಿ ಮಾಸಿ ಅರ್ಧಕ್ಕರ್ಧ ಬರೀ ಬಣ್ಣದ ಕಾಗದ ಆಗಿದ್ದವು. ಆಗ ಕೈ ಹಿಡಿದಿದ್ದು ಆ ವರ್ಷ ನಡೆದ ದೊಡ್ಡ ಸಂಗತಿಗಳು. ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ, ಬಂದ್. 'ನೀರ್ ದೋಸೆ' ಅದಕ್ಕೆ ಸ್ವಲ್ಪ ಮೊದಲು ಬಂದಿತ್ತು, ಹಾಗಾಗಿ ಆ ಜಾಗ ಗಟ್ಟಿ. ನವೆಂಬರ್ 8ಕ್ಕೆ 500, 1000ದ ನೋಟು ರದ್ದು. 'ರಾಮಾ ರಾಮಾ ರೇ' ನೋಡಲು ಹೋದಾಗ ಕೌಂಟರಿನವನು ನನ್ನ ಐನೂರರ ನೋಟನ್ನು ಹಾವು ನೋಡಿದಂತೆ ನೋಡಿದ್ದು ನೆನಪಿದೆ. ಅಂದರೆ ನಾನು ಅದನ್ನು ನೋಡಿದ್ದು ನವೆಂಬರ್ 8 ಆದ ಮೇಲೆ. ಸಿನಿಮಾ ಅಕ್ಟೋಬರಿನಲ್ಲೇ ಬಂದಿತ್ತಲ್ಲ, ಯಾಕೆ ತಡ? ಅದೂ ನೆನಪಾಯಿತು. ಮೊದಲ ವಾರ ಹೋಗಿದ್ದೆ. ಥಿಯೇಟರಿನವರು "ಹತ್ತು ಜನ ಆದ್ರೆ ಹಾಕ್ತೀವಿ ಮೇಡಂ" ಅಂದರು. ನಾವು ಏಳೇ ಜನ. ಅರ್ಧ ಗಂಟೆ ಕಾದು, ಕಡಲೆಕಾಯಿ ತಿಂದು, ವಾಪಸ್ ಬಂದೆವು. ಇಂಥದ್ದೆಲ್ಲ ಪಟ್ಟಿಯಲ್ಲಿ ಆ ಹೆಸರಿನ ಪಕ್ಕಕ್ಕೇ ಬರೆಯಿರಿ.

ಇಷ್ಟು ಆದ ಮೇಲೆ ವಿಕಿಪೀಡಿಯ ತೆಗೆಯಿರಿ. ಕನ್ನಡದಲ್ಲಿ ಒಂದು ವರ್ಷಕ್ಕೆ ನೂರಕ್ಕಿಂತ ಜಾಸ್ತಿ ಸಿನಿಮಾ ಬರುತ್ತವೆ. ಮೂರು ಕಾಲಂ ಹಾಕಿ: ಥಿಯೇಟರಿನಲ್ಲಿ ನೋಡಿದ್ದು, ಟಿವಿ ಇಲ್ಲ ಮೊಬೈಲಿನಲ್ಲಿ ನೋಡಿದ್ದು, ನೋಡದೇ ಇದ್ದದ್ದು. ಮೂರನೆಯದು ಉದ್ದ ಆಗುತ್ತದೆ. ಮುಚ್ಚಿಡಬೇಡಿ, ಪಟ್ಟಿಯ ಜೊತೆಗೇ ಇರಲಿ. ಅದಿಲ್ಲದೆ "ವರ್ಷದ ಅತ್ಯುತ್ತಮ" ಅಂದರೆ ನಾಲ್ಕು ಮನೆ ಊಟ ಮಾಡಿ ಊರಿಗೇ ಮಾರ್ಕ್ಸ್ ಕೊಟ್ಟಂತೆ.

ಮುಂದಿನದು ನಿಜವಾದ ಕೆಲಸ. ಪ್ರತಿ ಹೆಸರಿನ ಮುಂದೆ ಅದು ನನಗೆ ಯಾಕೆ ಇಷ್ಟ ಅಂತ ಒಂದೇ ಸಾಲು ಬರೆಯಬೇಕು. 'ಸೂಪರ್', 'ಮೇಕಿಂಗ್ ಚೆನ್ನಾಗಿದೆ', 'ಡಿಫರೆಂಟಾಗಿದೆ', ಇವು ನಿಷಿದ್ಧ. ನಿಮ್ಮ ಬದುಕಿನ ಯಾವುದೋ ಒಂದು ಚೂರು ಆ ಸಾಲಿನಲ್ಲಿರಬೇಕು. ಬರೆಯಲು ಆಗದಿದ್ದರೆ ಆ ಸಿನಿಮಾ ನಿಮ್ಮ ಮೆಚ್ಚಿನದಲ್ಲ, ಬೇರೆಯವರು ಮೆಚ್ಚಿದ್ದು.

ನನ್ನ ಸಾಲುಗಳನ್ನು ಹೇಳಿದರೆ ಗೊತ್ತಾಗುತ್ತದೆ. 'ತಿಥಿ'ಯಲ್ಲಿ ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆಸೆ. ಅದಕ್ಕೆ ಬದುಕಿರುವ ಅಪ್ಪ ಗಡ್ಡಪ್ಪ ಸತ್ತಿದ್ದಾನೆ ಅಂತ ಕಾಗದ ಮಾಡಿಸಲು ಹೊರಡುತ್ತಾನೆ. ಗಡ್ಡಪ್ಪನಿಗೆ ಇದ್ಯಾವುದೂ ಬೇಡ, ಬ್ರಾಂದಿ ಕುಡಿಯುತ್ತಾ ಹೊಲದಲ್ಲಿ ತಿರುಗುತ್ತಿರುತ್ತಾನೆ. ನನ್ನ ಅಂಗಡಿಗೆ ದಿನಾ ಬರುವುದು ಇದೇ ಕಾಗದಗಳು. ಪಹಣಿ, ವಂಶವೃಕ್ಷ, ಡೆತ್ ಸರ್ಟಿಫಿಕೇಟು. "ಐದು ಸೆಟ್ ಮಾಡವ್ವ" ಅನ್ನುವವರ ಮುಖ ನೋಡಿದರೇ ಅಣ್ಣತಮ್ಮಂದಿರ ನಡುವೆ ಮಾತು ನಿಂತು ಎಷ್ಟು ದಿನ ಆಯಿತು ಅಂತ ಹೇಳಬಲ್ಲೆ. ಸಿನಿಮಾದಲ್ಲಿ ನಟಿಸಿದವರು ಮಂಡ್ಯ ಕಡೆಯ ಹಳ್ಳಿಯ ಜನವೇ. ನಮ್ಮ ಮಾವನೂ ಆ ಕಡೆಯವರು. ಶುರುವಿನಲ್ಲಿ ಸೆಂಚುರಿ ಗೌಡ ದಾರಿಯಲ್ಲಿ ಹೋಗುವವರನ್ನೆಲ್ಲ ಬೈಯುವಾಗ ಮಾವ ಬಿದ್ದು ಬಿದ್ದು ನಕ್ಕರು. ಮುಗಿದ ಮೇಲೆ ಒಂದೇ ತಕರಾರು: "ತಿಥಿ ಊಟನ ಇನ್ನೊಂಚೂರು ತೋರ್ಸಬೇಕಿತ್ತು ಕಣವ್ವ."

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಬಗ್ಗೆ ಸಾಲು ಬರೆಯಲು ನನಗೆ ಎರಡು ದಿನ ಬೇಕಾಯಿತು. ಹೇಮಂತ್ ರಾವ್ ಅವರ ಮೊದಲ ಸಿನಿಮಾ. ಮರೆವಿನ ಕಾಯಿಲೆಯ ಅಪ್ಪ ಅನಂತನಾಗ್, ಅವರನ್ನು ಕಳೆದುಕೊಂಡು ಹುಡುಕುವ ಮಗ ರಕ್ಷಿತ್ ಶೆಟ್ಟಿ. ಹೆಸರೇ 'ಕಾಣೆಯಾಗಿದ್ದಾರೆ' ನೋಟಿಸಿನ ಭಾಷೆ. ಅಂಥ ನೋಟಿಸು ನಾನೂ ಟೈಪ್ ಮಾಡಿದ್ದೇನೆ. ಸಿನಿಮಾಕ್ಕೆ ಒಂದು ವರ್ಷ ಮೊದಲು ಒಬ್ಬ ಹುಡುಗ ತಾಯಿಯ ಫೋಟೋ ತಂದಿದ್ದ. "ಮೈಬಣ್ಣ ಏನು ಹಾಕಲಿ?" ಅಂದೆ. ಅವನು ತುಂಬಾ ಹೊತ್ತು ಸುಮ್ಮನೆ ನಿಂತ. ಕೊನೆಗೆ, "ನೀವು ಏನು ಹಾಕ್ತೀರೋ ಅದೇ ಹಾಕಿ ಅಕ್ಕ" ಅಂದ. ನಾನು ಎಲ್ಲರಿಗೂ ಹಾಕುವ ಅದೇ ನಾಲ್ಕು ಪದ ಹಾಕಿದೆ. ಇನ್ನೂರು ಪ್ರತಿ. ದುಡ್ಡು ತಗೊಂಡೆ. ಥಿಯೇಟರಿನಲ್ಲಿ ಟೈಟಲ್ ಬಂದಾಗ ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ಕೊನೆಗೆ ನಾನು ಬರೆದ ಸಾಲು: "ಮೈಬಣ್ಣದ ಜಾಗ ಈಗ ಖಾಲಿ ಬಿಟ್ಟು, ಮನೆಯವರನ್ನು ಎರಡನೇ ಸಲ ಕೇಳುತ್ತೇನೆ."

'ಯೂ ಟರ್ನ್'ಗೆ ಅಷ್ಟು ಕಷ್ಟ ಆಗಲಿಲ್ಲ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸುವವರ ನಂಬರುಗಳನ್ನು ಅಲ್ಲೇ ಕೂತ ಒಬ್ಬ ಬರೆದಿಟ್ಟುಕೊಳ್ಳುತ್ತಾನೆ. ಸಾಲದ ಪುಸ್ತಕ ಇಟ್ಟವಳಿಗೆ ಆ ಚೀಟಿ ನೋಡಿ ಮೈ ಜುಮ್ ಅನ್ನದೆ ಇರುತ್ತದೆಯೇ? 'ಕಿರಗೂರಿನ ಗಯ್ಯಾಳಿಗಳು' ತೇಜಸ್ವಿಯವರ ಕಥೆ, ನಿರ್ದೇಶನ ಸುಮನಾ ಕಿತ್ತೂರು. ಪಕ್ಕದ ಮನೆ ಅಕ್ಕ ಜೊತೆಗಿದ್ದರು. ಅವರು ಹಾಕಿದ ಶಿಳ್ಳೆಯೇ ನನ್ನ ಸಾಲು.

ಎಲ್ಲದಕ್ಕೂ ಅಂಗಡಿಯ ನಂಟು ಹುಡುಕಬೇಕಂತಿಲ್ಲ. ಡಿ. ಸತ್ಯಪ್ರಕಾಶ್ ಅವರ 'ರಾಮಾ ರಾಮಾ ರೇ'ಯಲ್ಲಿ ನೇಣಿನಿಂದ ತಪ್ಪಿಸಿಕೊಂಡವನೂ ನೇಣು ಹಾಕುವವನೂ ಒಂದೇ ಜೀಪಿನಲ್ಲಿ ಹೋಗುತ್ತಾರೆ. ಅದಕ್ಕೂ ನನಗೂ ಏನೂ ಸಂಬಂಧ ಇಲ್ಲ. ಹಾಗಿದ್ದೂ ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದವರ ಜೊತೆ ಮಾತಾಡಬೇಕು ಅನ್ನಿಸಿತ್ತು. ಅಷ್ಟು ಸಾಕು.

ಮತ್ತೊಮ್ಮೆ ನೋಡಬೇಕೇ? ಎಲ್ಲವನ್ನೂ ಬೇಡ. ಹಾಡು ನೆನಪಿದ್ದು ಕಥೆ ಮರೆತಿರುವುದನ್ನು ಮಾತ್ರ ನೋಡಿ. ನಾನು ಹಾಗೆ ನೋಡಿದ್ದು 'ಕಿರಿಕ್ ಪಾರ್ಟಿ'. ಅದರ ಕಾಲೇಜಿನ ಭಾಗ ತೆಗೆದಿದ್ದು ನಮ್ಮ ಹಾಸನದಲ್ಲೇ. ಅವತ್ತು ಥಿಯೇಟರಿನಲ್ಲಿ ಕಾಲೇಜು ಕಟ್ಟಡ ಬಂದ ಕೂಡಲೇ ಎದ್ದ ಕೂಗಿಗೆ ಮೊದಲ ಮಾತುಗಳು ಕೇಳಿಸಲೇ ಇಲ್ಲ. ನನ್ನ ಹತ್ತಿರ ಪರೀಕ್ಷೆಯ ಹಿಂದಿನ ದಿನ ಮೈಕ್ರೋ ಜೆರಾಕ್ಸ್ ಕೇಳುವ ಹುಡುಗರೇ ಅಲ್ಲಿ ಕೂಗುತ್ತಿದ್ದವರು. ಮನೆಯಲ್ಲಿ ಒಬ್ಬಳೇ ನೋಡಿದಾಗ ಎರಡನೇ ಅರ್ಧ ಉದ್ದ ಅನ್ನಿಸಿತು. ಕೆಲವು ತಮಾಷೆಗೆ ಈಗ ನಗು ಬರಲಿಲ್ಲ. ಮೂರನೇ ಜಾಗದಿಂದ ಆರಕ್ಕೆ ಇಳಿಸಿದೆ. ಹುಡುಗರು ಈಗಲೂ ಜಗಳ ಆಡುತ್ತಾರೆ.

ಒಂದು ಸಿನಿಮಾಕ್ಕೆ ನಂಬರ್ ಹಾಕಲು ನನ್ನಿಂದ ಆಗಲಿಲ್ಲ. 'ದೊಡ್ಮನೆ ಹುಡ್ಗ', ನಾಯಕನಾಗಿ ಪುನೀತ್ ಅವರ 25ನೇ ಸಿನಿಮಾ. 2016ರಲ್ಲಿ ಕೇಳಿದ್ದರೆ ಏನೋ ಒಂದು ಹೇಳುತ್ತಿದ್ದೆ. 2021ರ ಅಕ್ಟೋಬರ್ ಆದ ಮೇಲೆ ತೂಕ ಹಾಕಲು ಕೈ ಬರುವುದಿಲ್ಲ. ಪಟ್ಟಿಯ ಪಕ್ಕದಲ್ಲಿ ಒಂದು ಗೆರೆ ಎಳೆದು ಅದನ್ನು ಅಲ್ಲಿ ಬರೆದಿದ್ದೇನೆ. ನಿಮಗೂ ಇಂಥದ್ದು ಇದ್ದರೆ ಹಾಗೇ ಮಾಡಿ.

ಸಂಖ್ಯೆ ಹತ್ತೇ ಆಗಬೇಕಂತ ಯಾರೂ ಕೇಳಿಲ್ಲ. ನನ್ನದು ಆರಕ್ಕೆ ನಿಂತಿತು. ತಿಥಿ, ಗೋಧಿ ಬಣ್ಣ, ರಾಮಾ ರಾಮಾ ರೇ, ಯೂ ಟರ್ನ್, ಗಯ್ಯಾಳಿಗಳು, ಕಿರಿಕ್ ಪಾರ್ಟಿ. ಏಳನೆಯದನ್ನು ಎಳೆದು ತರಬೇಕಾಗುತ್ತಿತ್ತು. ಒಂದು, ಎರಡು ಯಾವುದು ಅಂತ ಗೊಂದಲ ಆದರೆ ಹೀಗೆ ಮಾಡಿ: ಕರೆಂಟ್ ಹೋದ ರಾತ್ರಿ ಮನೆಯವರು ಕಥೆ ಹೇಳು ಅಂದರೆ ಯಾವುದನ್ನು ಹೇಳುತ್ತೀರಿ? ನಾನು ತಿಥಿ ಹೇಳುತ್ತೇನೆ. ಗೋಧಿ ಬಣ್ಣ ಹೇಳಲು ಹೋದರೆ ಮಧ್ಯದಲ್ಲೇ ಗಂಟಲು ಕಟ್ಟುತ್ತದೆ.

ಕೊನೆಗೆ ಹಾಳೆಯ ಕೆಳಗೆ ತಾರೀಖು ಹಾಕಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ನನಗೆ ವ್ಯಾಪಾರ ಆದರೂ ಹೇಳುತ್ತಿದ್ದೇನೆ. ನಾನು ಮಾಡಿಸಿ ಕೆಟ್ಟೆ. ಆರನೇ ಜಾಗ ತಿದ್ದಲು ಪ್ಲಾಸ್ಟಿಕ್ ಮೇಲೆ ಮಾರ್ಕರಿನಲ್ಲಿ ಬರೆದಿದ್ದೇನೆ, ಒರೆಸಿದರೆ ಹೋಗುತ್ತದೆ.

ಈಗ 2018 ಹಿಡಿದಿದ್ದೇನೆ. 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು', 'ಒಂದಲ್ಲಾ ಎರಡಲ್ಲಾ', ಎರಡೂ ಆ ಆಗಸ್ಟಿನಲ್ಲೇ ಬಂದವು. ಯಾವುದನ್ನು ಮೊದಲು ನೋಡಿದ್ದು ಅಂತ ಮಾವನಿಗೂ ನನಗೂ ಒಂದು ವಾರದಿಂದ ವಾದ ನಡೆಯುತ್ತಿದೆ. ಆ ವರ್ಷದ ಬಿಲ್ ಪುಸ್ತಕ ಅಟ್ಟದ ಮೇಲಿದೆ. ಭಾನುವಾರ ಏಣಿ ಹಾಕಿ ಹತ್ತಬೇಕು.