ಪಿಟೀಲಿನ ಕೈಗೆ ಬಾಖನ ಶಕೋನ್ ಒಲಿದದ್ದು ಹೀಗೆ

ಜರ್ಮನಿಯ ಬಾಖ್ ಒಂಟಿ ಪಿಟೀಲಿಗೆ ಬರೆದ ಶಕೋನ್ ಕಡೆಗೂ ಪೂರ್ತಿ ಕೈಗೆ ಬಂತು. ಡಿ ಮೈನರ್ ಪಾರ್ಟಿಟಾ ಎಂಬ ಕೃತಿಮಾಲೆಯ ಆ ಕೊನೆಯ ಭಾಗವನ್ನು, ಚಿಕ್ಕಂದಿನಿಂದ ಕಾಲು ಮಡಚಿ ಕೂತೇ ಪಿಟೀಲು ನುಡಿಸಿದ ನಾನು, ನಿಂತುಕೊಂಡು, ಎಲ್ಲೂ ನಿಲ್ಲಿಸದೆ ನುಡಿಸಿದೆ. ಹದಿನಾರು ನಿಮಿಷದ ಹತ್ತಿರ ಆಯಿತು. ಪಾಶ್ಚಾತ್ಯ ಸಂಗೀತ ಹೇಳಿಕೊಡುವ ಮೇಷ್ಟ್ರೊಬ್ಬರು "ಮೂವತ್ತೈದು ದಾಟಿದ ಮೇಲೆ ಆಗದ ಮಾತು" ಅಂದಿದ್ದರು. ನಮ್ಮ ಕರ್ನಾಟಕ ಸಂಗೀತದವರು "ಇದ್ದ ಕೈಯೂ ಕೆಟ್ಟೀತು, ಸ್ವರ ಅಲುಗಿಸುವ ಗಮಕ ಹೋದೀತು" ಅಂದಿದ್ದರು. ಎರಡೂ ಸುಳ್ಳಾಯಿತು. ಈಗಲೂ ತಿಂಗಳಿಗೆ ಮೂರ್ನಾಲ್ಕು ಕಛೇರಿಗೆ ಪಕ್ಕವಾದ್ಯ ಕೂರುತ್ತೇನೆ, ತೋಡಿ ರಾಗದ ಅಲುಗುವ ಗಾಂಧಾರ ಇದ್ದಲ್ಲೇ ಇದೆ.

ಪಾಶ್ಚಾತ್ಯ ಸಂಗೀತದ ಮಹಾಕೃತಿಗಳೆಂದು ಯಾರು ಪಟ್ಟಿ ಮಾಡಿದರೂ ಬೀಥೋವನ್ನನ ಒಂಬತ್ತನೇ ಸಿಂಫನಿ ಇರುತ್ತದೆ, ಬಾಖನ ಸೇಂಟ್ ಮ್ಯಾಥ್ಯೂ ಪ್ಯಾಷನ್ ಇರುತ್ತದೆ. ಅವಕ್ಕೆ ದೊಡ್ಡ ವಾದ್ಯವೃಂದ, ಗಾಯಕರ ತಂಡ ಬೇಕು. ನನಗೆ ಅವು ಕೇಳುವುದಕ್ಕಷ್ಟೇ. ಶಕೋನ್‌ಗೆ ಒಂದು ಪಿಟೀಲು ಸಾಕು. ಬ್ರಾಹ್ಮ್ಸ್ ಇದನ್ನು ಪಿಯಾನೊಗೆ ತಂದಾಗ ಎಡಗೈ ಒಂದಕ್ಕೇ ಬರೆದ. ಒಂದೇ ಕೈಯ ಇಕ್ಕಟ್ಟಿನಲ್ಲಿ ಅಷ್ಟನ್ನು ಹಿಡಿಸುವ ಕಷ್ಟ ಉಳಿಯಬೇಕೆಂಬುದು ಅವನ ಆಸೆ. ಬುಸೋನಿ ಎರಡೂ ಕೈಗೆ ಬರೆದು ಭರ್ಜರಿ ಮಾಡಿದ. ಸೆಗೋವಿಯಾ 1935ರಲ್ಲಿ ಪ್ಯಾರಿಸ್‌ನಲ್ಲಿ ಗಿಟಾರಿನ ಮೇಲೆ ನುಡಿಸಿದ. ನನಗೆ ಬ್ರಾಹ್ಮ್ಸನ ಮಾತೇ ಸರಿ. ಇಕ್ಕಟ್ಟೇ ಇದರ ಜೀವ.

ಮೊದಲು ಸೋತ ದಾರಿಗಳನ್ನು ಹೇಳುತ್ತೇನೆ, ದುಡ್ಡು ಹೋದದ್ದೆಲ್ಲ ಅಲ್ಲೇ. ಎಲ್ಲರೂ ಹೇಳುವ ದಾರಿ, ಮೊದಲ ಬಾರ್‌ನಿಂದ, ಅಂದರೆ ತಾಳದ ಮೊದಲ ಆವರ್ತದಿಂದ, ಶುರುಮಾಡಿ ದಿನಕ್ಕೆ ಒಂದೊಂದು ಸಾಲು. ಎಂಟು ತಿಂಗಳಾದರೂ ಮೊದಲ ಪುಟ ದಾಟಲಿಲ್ಲ. ಒಟ್ಟಿಗೆ ನುಡಿಸುವ ಸ್ವರಗುಚ್ಛಕ್ಕೆ ಕಾರ್ಡ್ ಅನ್ನುತ್ತಾರೆ, ಮೊದಲ ಕಾರ್ಡನ್ನೇ ನೋಡಿ: ಜಿ ತಂತಿಯ ಮೇಲೆ ಕಿರುಬೆರಳಲ್ಲಿ ಡಿ, ಡಿ ತಂತಿಯ ಮೇಲೆ ನಡುಬೆರಳಲ್ಲಿ ಎಫ್, ಮೇಲೆ ತೆರೆದ ಎ. ನಮ್ಮಲ್ಲಿ ಭಾರವೆಲ್ಲ ಮೊದಲೆರಡು ಬೆರಳಿನದು, ಕಿರುಬೆರಳಿಗೆ ಕೆಲಸ ಕಡಿಮೆ. ಜೊತೆಗೆ ಡಿ ಷಡ್ಜವೆಂದುಕೊಂಡರೆ ಆ ಎಫ್ ನಮ್ಮ ಕೈಗೆ ಸಾಧಾರಣ ಗಾಂಧಾರ. ಬೆರಳು ತಾನಾಗಿಯೇ ಅಲುಗುತ್ತದೆ. ಒಂಟಿ ಸ್ವರದಲ್ಲಿ ಅಲುಗಿದರೆ ಖರಹರಪ್ರಿಯ ರಾಗ, ಕಾರ್ಡಿನಲ್ಲಿ ಅಲುಗಿದರೆ ಅಪಸ್ವರ.

ಆನ್‌ಲೈನ್ ಪಾಠಕ್ಕೆ ವಿದೇಶದ ಶಿಕ್ಷಕರೊಬ್ಬರನ್ನು ಹಿಡಿದೆ. ಅರ್ಧ ಗಂಟೆಗೆ ಮೂರು ಸಾವಿರದ ಸುಮಾರು, ನಾಲ್ಕೈದು ತಿಂಗಳು. ಅಷ್ಟೂ ದಿನ ಗಲ್ಲ, ಭುಜ, ಮೊಣಕೈಯ ಪಾಠವೇ ಆಯಿತು, ಸ್ವರಕ್ಕೆ ಬರಲೇ ಇಲ್ಲ. ಬೇರೆ ಪಿಟೀಲು ಅಂತೂ ಬೇಕೇ ಬೇಕು. ಷಡ್ಜ ಪಂಚಮಕ್ಕೆ ಇಳಿಸಿದ ತಂತಿಯನ್ನು ದಿನಾ ಜಿ-ಡಿ-ಎ-ಇಗೆ ಏರಿಸಿ ಇಳಿಸಿದರೆ ತಂತಿ ಹೊರುವ ಕುದುರೆ ವಾಲುತ್ತದೆ, ಶ್ರುತಿ ನಿಲ್ಲುವುದಿಲ್ಲ. ಹಳೆಯದೊಂದು ನಲವತ್ತು ಸಾವಿರಕ್ಕೆ ಸಿಕ್ಕಿತು. ಕಾರ್ಬನ್ ಫೈಬರ್ ಕಮಾನು ಇಪ್ಪತ್ತರ ಆಸುಪಾಸು. ಅದಕ್ಕೆ ಮುಂಚೆ ಅಂಗಡಿಯೊಂದರಲ್ಲಿ ಕೊಂಡ ಮರದ ಕಮಾನು ಒಂದೇ ಮಳೆಗಾಲಕ್ಕೆ ಸೊಟ್ಟಗಾಯಿತು. ಹನ್ನೆರಡು ಸಾವಿರ ನೀರಿಗೆ. ತಂತಿ, ಭುಜದ ಪಟ್ಟಿ, ಕಮಾನಿನ ಕೂದಲು ಬದಲಿ ಎಲ್ಲ ಸೇರಿ ಒಂದೂವರೆ ಲಕ್ಷ ಮುಟ್ಟಿರಬೇಕು. ಬಿಟ್ಟುಕೊಟ್ಟ ಮದುವೆ ಕಛೇರಿಗಳ ಲೆಕ್ಕ ಬೇರೆ.

ದಾರಿ ತೆರೆದದ್ದು ನೊಟ್ಟುಸ್ವರದಿಂದ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ್ದು ಗೊತ್ತೇ ಇದೆ. ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದ ಬಾಲಸ್ವಾಮಿ ದೀಕ್ಷಿತರು ಅವರ ತಮ್ಮನೇ. ನೊಟ್ಟುಸ್ವರಗಳೆಲ್ಲ ಶಂಕರಾಭರಣ ರಾಗ, ಎಲ್ಲ ನೇರ ಸ್ವರ, ಗಮಕವಿಲ್ಲ. ಶಕೋನ್ ಮುಟ್ಟುವ ಮೊದಲು ಅರ್ಧ ಗಂಟೆ "ಸಂತತಂ ಪಾಹಿಮಾಂ" ತರಹದವನ್ನೇ ನುಡಿಸಿದೆ, ನಿಂತು, ಗಲ್ಲಕ್ಕೆ ಪಿಟೀಲು ಕೊಟ್ಟು. ಮೂರು ವಾರದಲ್ಲಿ ಕೈ ಎರಡು ಮನಸ್ಸು ಕಲಿಯಿತು: ಕೂತರೆ ಅಲುಗುತ್ತದೆ, ನಿಂತರೆ ಅಲುಗುವುದಿಲ್ಲ. ಗಮಕ ಕೆಡದೆ ಉಳಿದದ್ದಕ್ಕೂ ಇದೇ ಕಾರಣ ಅಂತ ನನ್ನ ನಂಬಿಕೆ. ಎರಡು ವಾದ್ಯ, ಎರಡು ಶ್ರುತಿ, ಎರಡು ಭಂಗಿ, ಒಂದಕ್ಕೊಂದು ಬೆರೆಯಲು ಬಿಡಲೇಬಾರದು.

ಆಮೇಲೆ ಮೊದಲ ಪುಟ ಬಿಟ್ಟು ನಡುವಿಗೆ ಹೋದೆ. ಬಾರ್ 133ರಿಂದ 208ರವರೆಗೆ ಕೃತಿ ಡಿ ಮೇಜರಿಗೆ ತಿರುಗುತ್ತದೆ, ಅಂದರೆ ನಮ್ಮ ಶಂಕರಾಭರಣಕ್ಕೆ. ನೊಟ್ಟುಸ್ವರದಲ್ಲಿ ಪಳಗಿದ ಬೆರಳಿಗೆ ಅದು ತವರುಮನೆ. ಅಲ್ಲಿಂದ ಮುಂದಕ್ಕೆ ಕೊನೆಯವರೆಗೆ, ಕಟ್ಟಕಡೆಗೆ ಆರಂಭ. ಇದನ್ನು ಹೇಳಿದಾಗ ನಕ್ಕವರೇ ಹೆಚ್ಚು. ಆದರೆ ಕೇಳುವವರಿಗೆ ಅತಿ ಕಷ್ಟದ್ದೆನಿಸುವ ಮೊದಲ ಕಾರ್ಡುಗಳು ನಾನು ಅಲ್ಲಿಗೆ ಬರುವಷ್ಟರಲ್ಲಿ ಎರಡು ವಾರದ ಕೆಲಸವಾಗಿದ್ದವು.

ಇನ್ನು ಮುಖ್ಯ ವಿಷಯ, ಮಂದ್ರ, ಅಂದರೆ ಅಡಿಯ ದನಿ. ಶಕೋನ್ 257 ಬಾರ್ ಇದ್ದರೂ ನಾಲ್ಕು ನಾಲ್ಕು ಬಾರ್‌ನ ಕಂತುಗಳು. ಪ್ರತಿ ಕಂತಿನ ಅಡಿಯಲ್ಲೂ ಒಂದು ಮಂದ್ರದ ನಡೆ ಇದೆ, ಮೇಲಿನದೆಲ್ಲ ಅದರ ಮೇಲೆ ಬೆಳೆದದ್ದು. ಎಲ್ಲರೂ ಮೇಲಿನ ಸ್ವರದ ಬೆನ್ನು ಹತ್ತುತ್ತಾರೆ. ನಾನು ಮಂದ್ರವನ್ನಷ್ಟೇ ಬೇರೆ ಹಾಳೆಗೆ ಸರಿಗಮದಲ್ಲಿ ಬರೆದುಕೊಂಡೆ. ಶುರುವಿನದು ಸ ಸ ನಿ ಸ ದ ಮ ಪ ಸ. ಮುಂದೆ ಕೆಲವು ಕಡೆ ಇಳಿಯುವುದು ಅರ್ಧರ್ಧ ಸ್ವರದಲ್ಲಿ: ಷಡ್ಜ, ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಶುದ್ಧ ಧೈವತ, ಪಂಚಮ. ನಮ್ಮ ಯಾವ ಮೇಳರಾಗವೂ ಇವನ್ನು ಹೀಗೆ ಸಾಲಾಗಿ ನಿಲ್ಲಿಸುವುದಿಲ್ಲ. ಹಾಡಿ ಹಾಡಿ ಗಂಟಲಿಗೆ ಕೂತ ಮೇಲೆಯೇ ಬೆರಳಿಗೆ ಬಂದದ್ದು.

ಹಾಡುವಾಗ ತಾಳ ಬಿಡಬಾರದು. ಮೂರು ಎಣಿಕೆ, ಎತ್ತಿಕೊಳ್ಳುವುದು ಎರಡನೆಯದರಲ್ಲಿ, ಭಾರವೂ ಅಲ್ಲೇ. ಪಾಶ್ಚಾತ್ಯ ವಿದ್ಯಾರ್ಥಿಗಳು ಇದರಲ್ಲಿ ಒದ್ದಾಡುವುದನ್ನು ನೋಡಿದ್ದೇನೆ. ಅನಾಗತ ಎಡುಪಿನಲ್ಲಿ, ಅಂದರೆ ತಾಳ ಶುರುವಾದ ಮೇಲೆ ಎತ್ತಿಕೊಳ್ಳುವುದರಲ್ಲಿ, ಬೆಳೆದ ನಮಗೆ ಇದು ನೀರು ಕುಡಿದ ಹಾಗೆ. ಮಂದ್ರ ಬಾಯಲ್ಲಿ, ಕೈಯಲ್ಲಿ ತಾಳ, ಇಡೀ ಕೃತಿ ಒಮ್ಮೆ. ಆಮೇಲೆ ಮಂದ್ರ ಪಿಟೀಲಿನಲ್ಲಿ, ಮೇಲಿನ ಸ್ವರ ಬಾಯಲ್ಲಿ. ಮೂರನೆಯ ಸುತ್ತಿಗೆ ಎರಡೂ ಪಿಟೀಲಿನಲ್ಲಿ. ಪುಸ್ತಕ ನೋಡದೆ ನುಡಿಸಲು ಬಂದದ್ದು ಹೀಗೆ, ಬಾಯಿಪಾಠ ಅಂತ ಬೇರೆಯಾಗಿ ಕೂರಲಿಲ್ಲ.

ನಡುವೆ ಕೆಲವು ಪ್ರಯೋಗಗಳೂ ನಡೆದವು. ಕುದುರೆಯನ್ನು ಚಪ್ಪಟೆ ಮಾಡಿಸಿದರೆ ಮೂರು ತಂತಿ ಒಟ್ಟಿಗೆ ನುಡಿದೀತೆಂದು ಸಾವಿರದೈನೂರು ಕೊಟ್ಟು ಒಂದನ್ನು ಕೆತ್ತಿಸಿದೆ. ಕಾರ್ಡು ತುಂಬಿ ಬಂತು, ಒಂಟಿ ತಂತಿಯ ಓಟದಲ್ಲಿ ಮಾತ್ರ ಕಮಾನು ಪಕ್ಕದ ತಂತಿಗೆ ತಗಲುತ್ತಲೇ ಇತ್ತು, ತೆಗೆದಿಟ್ಟೆ. ಹಿಂದೆ ಆಲ್ಬರ್ಟ್ ಶ್ವೈಟ್ಸರ್ ಬಾಖನಿಗೆ ತಂತಿಗಳನ್ನು ಒಟ್ಟಿಗೆ ನುಡಿಸುವ ಬಾಗಿದ ಕಮಾನೇ ಸರಿ ಅಂತ ವಾದಿಸಿದ್ದರು, ಪಿಟೀಲುಗಾರ ಎಮಿಲ್ ತೆಲ್ಮಾನಿ ಅಂಥದ್ದರಲ್ಲೇ ಧ್ವನಿಮುದ್ರಣ ಮಾಡಿದರು. ಕೇಳಲು ಆರ್ಗನ್ನಿನ ಹಾಗಿದೆ, ನನಗೆ ಹಿಡಿಸಲಿಲ್ಲ. ಕಾರ್ಡು ಮುರಿದು ಮಂದ್ರದಿಂದ ಮೇಲಕ್ಕೆ ಏಳುವ ಆ ಕ್ಷಣದ ಒದ್ದಾಟ ಕೇಳಲೇಬೇಕು. ಕರುಳಿನ ತಂತಿ ಹಾಕಿ ಶ್ರುತಿಯನ್ನು ಅರ್ಧ ಸ್ವರ ಇಳಿಸಿ ನೋಡಿದೆ. ನಾದ ಬಹಳ ಚೆನ್ನ, ಆದರೆ ಜುಲೈ ತೇವಕ್ಕೆ ಎರಡು ದಿನ ತಡೆಯಲಿಲ್ಲ. ತಂಬೂರಿ ಪೆಟ್ಟಿಗೆ ಹಾಕಿಯೂ ನೋಡಿದೆ. ಷಡ್ಜ ಇಟ್ಟರೆ ಕಾಕಲಿ ನಿಷಾದ ಬಂದಾಗಲೆಲ್ಲ ಕಿವಿ ಕಚ್ಚುತ್ತದೆ. ಕೊನೆಯ ಭಾಗದಲ್ಲಿ ತೆರೆದ ಎ ತಂತಿ ಮತ್ತೆ ಮತ್ತೆ ಮಿಡಿಯುವ ಕಡೆ ಮಾತ್ರ ಪಂಚಮವೊಂದನ್ನೇ ಇಟ್ಟು ಅಭ್ಯಾಸ ಮಾಡಿ, ಬೇರೆಯವರು ಹೇಳಿಕೊಡದ ಲಾಭ ಸಿಗುತ್ತದೆ.

ಬಾರ್ 89ರಿಂದ 120ರವರೆಗೆ ಬಾಖ್ ಕಾರ್ಡುಗಳನ್ನಷ್ಟೇ ಬರೆದು "ಆರ್ಪೆಜಿಯೋ" ಅಂತ ಬಿಟ್ಟಿದ್ದಾನೆ, ಅವನ್ನು ಒಂದೊಂದೇ ಸ್ವರವಾಗಿ ಬಿಡಿಸುವುದು ನುಡಿಸುವವರಿಗೆ ಸೇರಿದ್ದು. 1720ರ ಅವನ ಕೈಬರಹ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಮುದ್ರಿತ ಪ್ರತಿಯ ಜೊತೆಗೆ ಅದನ್ನೂ ಎದುರಿಗಿಟ್ಟುಕೊಳ್ಳಿ. ಅದೇ ವರ್ಷ ಅವನು ರಾಜಕುಮಾರನ ಜೊತೆ ಕಾರ್ಲ್ಸ್‌ಬಾಡ್‌ಗೆ ಹೋಗಿದ್ದಾಗ ಹೆಂಡತಿ ಮರಿಯಾ ಬಾರ್ಬರಾ ತೀರಿಕೊಂಡಳು. ಶಕೋನ್ ಅವಳ ಸ್ಮಾರಕವೆಂಬ ಮಾತಿಗೆ ಪುರಾವೆ ಇಲ್ಲ. ಆರ್ಪೆಜಿಯೋ ಬಿಡಿಸಲು ನಾನು ಕಮಾನಿನ ಲೆಕ್ಕವನ್ನು ಕೊನ್ನಕೋಲಿನ, ಅಂದರೆ ಬಾಯಲ್ಲಿ ಹೇಳುವ ಲಯದ, ಒಂದು ಸೊಲ್ಲಿನಿಂದ ತೆಗೆದೆ. ಯಾವ ಸೊಲ್ಲು ಅಂತ ಇಲ್ಲಿ ಬರೆಯುವುದಿಲ್ಲ. ಕಾರ್ಡಿನಿಂದ ಕಾರ್ಡಿಗೆ ಹೋಗುವಾಗ ಹೆಬ್ಬೆರಳು ಎಲ್ಲಿ ಸಡಿಲಬೇಕು ಅನ್ನುವುದೂ ನನ್ನಲ್ಲೇ ಇರಲಿ. ಮನೆಗೆ ಬಂದವರಿಗೆ ಎದುರಿಗೆ ಕೂರಿಸಿ ತೋರಿಸುತ್ತೇನೆ.

ಮೈಸೂರಿನ ಪಿಟೀಲಿನವನಿಗೆ ಇದೆಲ್ಲ ಯಾಕೆ ಅಂತ ಕೇಳುವವರಿಗೆ ಒಂದೇ ಮಾತು. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡು 1950ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದದ್ದು ನಮ್ಮ ಜಯಚಾಮರಾಜ ಒಡೆಯರು ದುಡ್ಡಿನ ಭರವಸೆ ಕೊಟ್ಟದ್ದರಿಂದ. ಈ ಸಂಗೀತ ನಮ್ಮೂರಿಗೆ ಹೊರಗಿನದಲ್ಲ.

ನುಡಿಸಿದ್ದು ಸ್ನೇಹಿತರ ಮನೆಯ ಹಾಲಿನಲ್ಲಿ, ಮೂವತ್ತು ಜನರ ಎದುರು. "ಆಗದ ಮಾತು" ಅಂದ ಮೇಷ್ಟ್ರೂ ಬಂದಿದ್ದರು. ಮುಗಿದ ಮೇಲೆ ನನ್ನ ಮಂದ್ರದ ಹಾಳೆ ಇಸಕೊಂಡು ಫೋಟೊ ತೆಗೆದುಕೊಂಡರು. ಈಗ ಅವರ ಇಬ್ಬರು ಹುಡುಗರು ಹಾಡಿಯೇ ಶುರುಮಾಡುತ್ತಾರಂತೆ. ನಾನು ಬಾಖನದೇ ಜಿ ಮೈನರ್ ಸೊನಾಟಾದ ಫ್ಯೂಗ್, ಹಲವು ಧ್ವನಿಗಳು ಒಂದನ್ನೊಂದು ಹಿಂಬಾಲಿಸುವ ಭಾಗ, ಹಿಡಿದಿದ್ದೇನೆ. ಅದರಲ್ಲಿ ಮಂದ್ರ ಒಂದೇ ಸಾಲದು, ನಡುವಿನ ಧ್ವನಿಯನ್ನೂ ಬೇರೆ ಹಾಳೆಗೆ ಬರೆಯಬೇಕಾಗಿದೆ, ಅರ್ಧದಷ್ಟು ಬರೆದಾಯಿತು.