ಬಾಗಿಲು ಮುಚ್ಚಿದಾಗ ಕಿಟಕಿಗೆ ಬಂದ ಚಿತ್ರಗಳು

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಬಾಗಿಲು ಹಾಕಿದಾಗ ನಮ್ಮ ಗ್ಯಾಲರಿಯಲ್ಲಿ 38 ಚಿತ್ರಗಳಿದ್ದವು. ಪ್ರದರ್ಶನ ಶುರುವಾಗಿ ನಾಲ್ಕೇ ದಿನವಾಗಿತ್ತು. ಕಲಾವಿದೆ ಮೂರು ವರ್ಷ ಕೂತು ಬರೆದ ಚಿತ್ರಗಳು. ದೀಪ ಆರಿಸಿ ಬೀಗ ಹಾಕುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಅಂತರ್ಜಾಲದಲ್ಲಿ ಫೋಟೊ ಹಾಕಿ ಎಂದು ಎಲ್ಲರೂ ಹೇಳಿದರು. ಹಾಕಿದೆವು. ಆದರೆ ನಾಲ್ಕಡಿ ಅಗಲದ ಚಿತ್ರ ಫೋನಿನಲ್ಲಿ ಅಂಗೈಯಷ್ಟಾಗಿಬಿಡುತ್ತದೆ, ಅಲ್ವಾ? ಜನ ಒಳಗೆ ಬರಲಾಗದಿದ್ದರೆ ಚಿತ್ರವನ್ನೇ ಬೀದಿಯ ಕಡೆಗೆ ತಿರುಗಿಸೋಣ ಅಂದುಕೊಂಡೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಬರ್ಲಿನ್‌ನ ಕಲಾವಿದರು ತಮ್ಮ ಮನೆಯ ಬಾಲ್ಕನಿ, ಕಿಟಕಿಗಳಲ್ಲೇ ಕೃತಿಗಳನ್ನು ಇಟ್ಟಿದ್ದರು. ಅದನ್ನು ಓದಿ ನನಗೆ ಧೈರ್ಯ ಬಂತು.

ಅಂಥ ಕಾಲ ಮತ್ತೆ ಬಂದು ನೀವೂ ಹೀಗೆ ಮಾಡುವುದಾದರೆ ಮೊದಲು ಹೊರಗೆ ಹೋಗಿ ನಿಲ್ಲಿ. ಬೆಳಿಗ್ಗೆ, ಮಧ್ಯಾಹ್ನ, ಕತ್ತಲಾದ ಮೇಲೆ, ಹೀಗೆ ಮೂರು ಹೊತ್ತು. ದಾರಿಹೋಕರು ಎಲ್ಲಿ ನಿಧಾನ ಮಾಡುತ್ತಾರೆ, ಒಬ್ಬರಿಗೊಬ್ಬರು ಎರಡು ಮೀಟರ್ ಬಿಟ್ಟು ನಿಲ್ಲಲು ಜಾಗ ಇದೆಯೇ ನೋಡಿ. ಆಮೇಲೆ ಚಿತ್ರ ಆರಿಸಿ. ನಾನು 38ರಲ್ಲಿ 9 ಮಾತ್ರ ತೆಗೆದುಕೊಂಡೆ. ಸಣ್ಣ ಪೆನ್ಸಿಲ್ ಗೆರೆಯ ಕೆಲಸ ನನಗೆ ಬಹಳ ಇಷ್ಟ. ಆದರೆ ಎರಡು ಮೀಟರ್ ದೂರದಿಂದ, ಗಾಜಿನಾಚೆಯಿಂದ ಅದು ಬರೀ ಬಿಳಿ ಹಾಳೆ. ದೊಡ್ಡ ಆಕಾರ, ಗಟ್ಟಿ ಬಣ್ಣ ಇರುವ ಚಿತ್ರಗಳನ್ನೇ ಇಡಿ.

ಮೂಲ ಚಿತ್ರವನ್ನು ಕಿಟಕಿಯಲ್ಲಿ ಇಡಲೇಬೇಡಿ. ಜಲವರ್ಣಕ್ಕೆ, ಕಾಗದದ ಮೇಲಿನ ಕೆಲಸಕ್ಕೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕು ಅಳೆಯುವ ಮಾನ) ಜಾಸ್ತಿ ಬೆಳಕು ಕೊಡುವುದಿಲ್ಲ. ತೈಲವರ್ಣಕ್ಕೆ ಸುಮಾರು 200. ನೇರ ಬಿಸಿಲಿನಲ್ಲಿ ಅದು ಹತ್ತಾರು ಸಾವಿರ ಲಕ್ಸ್ ಆಗುತ್ತದೆ. ಒಮ್ಮೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಕಲಾವಿದರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ಹೊಳಪಿಲ್ಲದ ಕಾಗದದಲ್ಲಿ ಮೂಲದ ಅಳತೆಗೇ ಪ್ರಿಂಟ್ ಮಾಡಿಸಿ. ಇದು ಪ್ರತಿ ಎಂದು ಲೇಬಲ್‌ನಲ್ಲಿ ತಪ್ಪದೆ ಹೇಳಿ. ನೋಡುವವರಿಗೆ ಅಷ್ಟು ಪ್ರಾಮಾಣಿಕತೆ ಸಲ್ಲಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಗಾಜು. ಹಿಂದೆ ಕಪ್ಪು ಬಟ್ಟೆ ಕಟ್ಟಿದರೆ ಚಿತ್ರ ಎದ್ದು ಕಾಣುತ್ತದೆ ಎಂದುಕೊಂಡು, ಒಂದು ಇಡೀ ದಿನ ಕೂತು ಕಟ್ಟಿದೆ. ಮರುದಿನ ಹನ್ನೊಂದು ಗಂಟೆಗೆ ಹೊರಗೆ ಬಂದು ನೋಡಿದರೆ ಕಂಡಿದ್ದು ನನ್ನ ಮುಖ, ಎದುರಿನ ಮರ, ಹೋಗುವ ಬಸ್ಸು! ಒಳಗೆ ಕತ್ತಲಿದ್ದು ಹೊರಗೆ ಬೆಳಕಿದ್ದರೆ ಗಾಜು ಕನ್ನಡಿಯಾಗುತ್ತದೆ. ಕಪ್ಪು ಬಟ್ಟೆ ಬಿಚ್ಚಿ ಬಿಳಿ ಹಲಗೆ ಇಟ್ಟೆ. ಅದರ ಮೇಲೆ ಜೋರು ಬೆಳಕು ಬಿಟ್ಟೆ. ದೀಪಗಳು ಮೇಲಿನಿಂದ ಓರೆಯಾಗಿ ಚಿತ್ರದ ಮೇಲೆ ಬೀಳಬೇಕು, ನೋಡುವವರ ಕಣ್ಣಿಗಲ್ಲ. ಪ್ರಿಂಟಿಗೆ ಗಾಜಿನ ಚೌಕಟ್ಟು ಹಾಕಬೇಡಿ, ಗಾಜು ಎರಡಾದರೆ ಪ್ರತಿಬಿಂಬವೂ ಎರಡು. ಕಿಟಕಿಯ ಗಾಜಿಗೆ ಒತ್ತಿಯೂ ಇಡಬೇಡಿ. ನಡುವೆ ಒಂದು ಗೇಣು ಬಿಡಿ. ಇಲ್ಲದಿದ್ದರೆ ಗಾಜಿನ ಒಳಮೈಯಲ್ಲಿ ನೀರು ಕಟ್ಟಿದ ದಿನ ಕಾಗದ ಸುಕ್ಕಾಗುತ್ತದೆ. ಇಷ್ಟೆಲ್ಲ ಮಾಡಿದರೂ ನಡುಮಧ್ಯಾಹ್ನ ಸ್ವಲ್ಪ ಪ್ರತಿಬಿಂಬ ಉಳಿದೇ ಉಳಿಯುತ್ತದೆ. ಮುಸ್ಸಂಜೆಯೇ ನಿಮ್ಮ ಒಳ್ಳೆಯ ಹೊತ್ತು. ದೀಪಕ್ಕೆ ಟೈಮರ್ ಹಾಕಿ, ರಾತ್ರಿ ಹತ್ತರವರೆಗೆ ಉರಿಯಲಿ.

ಲೇಬಲ್‌ನ ಅಕ್ಷರ ಎರಡು ಸೆಂಟಿಮೀಟರ್ ಎತ್ತರ ಇರಲಿ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಕೆಳಗಿಳಿಯುತ್ತವೆ. ಹಾಗಾಗಿ ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಐದು ಸಾಲಿಗಿಂತ ಜಾಸ್ತಿ ಬರೆದರೆ ನಿಂತು ಯಾರೂ ಓದುವುದಿಲ್ಲ. ಉಳಿದದ್ದನ್ನು ಕ್ಯೂಆರ್ ಕೋಡ್‌ಗೆ ಬಿಡಿ. ನಾವು ಅಲ್ಲಿ ಕಲಾವಿದೆಯ ಧ್ವನಿ ಇಟ್ಟೆವು, ಒಂದೊಂದು ಚಿತ್ರಕ್ಕೆ ಎರಡು ನಿಮಿಷ. ಕಾಯಿಲೆಯ ಭಯದಲ್ಲಿ ತಿಂಗಳುಗಟ್ಟಲೆ ಯಾರೊಂದಿಗೂ ಮಾತಿಲ್ಲದೆ ಇದ್ದವರಿಗೆ ಆ ಧ್ವನಿ ಬಹಳ ಹಿಡಿಸಿತು. ಒಬ್ಬ ಅಜ್ಜಿ ದಿನಾ ಸಂಜೆ ಬರುತ್ತಿದ್ದರು. ಒಂದು ಸಂಜೆಗೆ ಒಂದೇ ಚಿತ್ರ.

ಮತ್ತೆ ಬಾಗಿಲು ತೆರೆಯುವ ಹೊತ್ತು ಬಂದಾಗ ಮೊದಲು ಗಾಳಿಯ ಬಗ್ಗೆ ಯೋಚಿಸಿ. ಕೊರೋನಾ ಹರಡುವುದು ಮುಖ್ಯವಾಗಿ ಉಸಿರಿನಿಂದ. ಕಾರ್ಬನ್ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಒಂದನ್ನು ಇಡಿ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ ಇರುತ್ತದೆ. ಒಳಗೆ 800 ದಾಟಿದರೆ ಬಿಟ್ಟ ಉಸಿರು ಕೋಣೆಯಲ್ಲೇ ನಿಂತಿದೆ ಎಂದರ್ಥ. ಕಿಟಕಿ ತೆರೆಯಿರಿ, ಜನರನ್ನು ಕಡಿಮೆ ಮಾಡಿ. ನಮ್ಮ 60 ಚದರ ಮೀಟರ್ ಕೋಣೆಗೆ ಒಮ್ಮೆಗೆ ಎಂಟು ಜನ, ಇಪ್ಪತ್ತು ನಿಮಿಷ, ನಡುವೆ ಹತ್ತು ನಿಮಿಷ ಖಾಲಿ. ತೆರೆದ ಬಾಗಿಲಿನಿಂದ ತೇವದ ಗಾಳಿಯೂ ಬರುತ್ತದೆ. ಆದ್ದರಿಂದ ಕಾಗದದ ಕೃತಿಗಳನ್ನು ಒಳಗೋಡೆಗೆ ಸಾಗಿಸಿ.

ದಾರಿ ಒಂದೇ ದಿಕ್ಕಿಗಿರಲಿ. ಆದರೆ ನೆಲದ ತುಂಬ ಬಾಣ ಅಂಟಿಸಬೇಡಿ, ಜನ ಚಿತ್ರ ಬಿಟ್ಟು ಕಾಲ ಕೆಳಗೇ ನೋಡುತ್ತಾರೆ. ತಿರುವಿನಲ್ಲಿ ಎದ್ದು ಕಾಣುವ ಚಿತ್ರವೊಂದನ್ನು ತೂಗುಹಾಕಿ. ಅದೇ ಅವರನ್ನು ಕರೆದುಕೊಂಡು ಹೋಗುತ್ತದೆ. ವಿಡಿಯೋ ಕೃತಿ ಇದ್ದರೆ, ಒಬ್ಬರಾದ ಮೇಲೆ ಒಬ್ಬರು ಕಿವಿಗೆ ಹಾಕುವ ಹೆಡ್‌ಫೋನ್ ತೆಗೆದುಬಿಡಿ.

ಸ್ಯಾನಿಟೈಸರ್ ಬಾಗಿಲ ಬಳಿ ಮಾತ್ರ ಇರಲಿ. ಅದರಲ್ಲಿರುವ ಆಲ್ಕೋಹಾಲ್ ಚಿತ್ರದ ಮೇಲಿನ ವಾರ್ನಿಷ್ ಕರಗಿಸಬಹುದು. ಕೈ ಒಣಗಿದ ಮೇಲೇ ಮುಂದೆ ಹೋಗಲು ಹೇಳಿ. ಕೋಣೆಗೆ ಔಷಧಿ ಸಿಂಪಡಿಸುತ್ತೇವೆಂದು ಯಾರಾದರೂ ಬಂದರೆ ಒಪ್ಪಬೇಡಿ, ಎಷ್ಟೇ ಒತ್ತಾಯ ಮಾಡಲಿ. ಬಾಗಿಲ ಹಿಡಿಕೆ, ಮೇಜು ಒರೆಸಿದರೆ ಸಾಕು. ಚೌಕಟ್ಟಿನ ಹತ್ತಿರ ಒಣ ಬಟ್ಟೆ ಬಿಟ್ಟು ಬೇರೇನೂ ಹೋಗಬಾರದು.

ಒಳಗೆ ತೆರೆದ ಮೇಲೂ ಕಿಟಕಿಯ ಚಿತ್ರಗಳನ್ನು ತೆಗೆಯಬೇಡಿ. ಒಳಗೆ ಬರಲು ಇನ್ನೂ ಹೆದರುವವರು ಇರುತ್ತಾರೆ. ನಮ್ಮ ಅಜ್ಜಿ ಕೊನೆಯವರೆಗೂ ಹೊರಗೇ ನಿಂತು ನೋಡಿದರು.